ಅಂಬಾಸಿಡರ್ ಏರಿನಲ್ಲಿ ಟಿಕ್ ಟಿಕ್ ಅನ್ನುತ್ತದೆ, ಟೈಮಿಂಗ್ ಲೈಟ್ ಇಲ್ಲದೆ ಟೈಮಿಂಗ್ ಇಡಬಹುದಾ?

ಗದಗಿನ ಗಾಡಿ:
ನಮಸ್ಕಾರ್ರೀ. ಅಪ್ಪನ ಕಾಲದ ಪೆಟ್ರೋಲ್ ಅಂಬಾಸಿಡರ್, 1489 ಸಿಸಿ. ಪಾಯಿಂಟ್ (ತೆರೆದಾಗ ಕಿಡಿ ಬರಿಸುವ ಸ್ವಿಚ್), ಕಂಡೆನ್ಸರ್ ಹೊಸದು ಹಾಕಿಸಿದ ಮೇಲೆ ಹುಬ್ಬಳ್ಳಿ ದಾಟಿ ಧಾರವಾಡದ ಕಡೆ ಏರಿನಲ್ಲಿ ಟಾಪ್ ಗೇರ್‌ನಲ್ಲಿ ಒತ್ತಿದರೆ ಟಿಕ್ ಟಿಕ್ ಅಂತ ಹೊಡೆಯುತ್ತದೆ. ಗ್ಯಾರೇಜಿನವರು ಕಿವಿಗೊಟ್ಟು ಡಿಸ್ಟ್ರಿಬ್ಯೂಟರ್ (ಪಾಯಿಂಟ್ ಇರುವ, ಪ್ಲಗ್‌ಗಳಿಗೆ ಕಿಡಿ ಹಂಚುವ ಡಬ್ಬಿ) ಸ್ವಲ್ಪ ತಿರುಗಿಸಿದರು. ಸದ್ದು ಹೋಯಿತು, ಜೊತೆಗೆ ಪಿಕಪ್ಪೂ ಹೋಯಿತು, ಇಂಜಿನ್ ಜಾಸ್ತಿ ಕಾಯುತ್ತಿದೆ. ಕಿಡಿ ಬರುವ ಹೊತ್ತು (ಟೈಮಿಂಗ್) ನೋಡುವ ಟೈಮಿಂಗ್ ಲೈಟ್ ನನ್ನ ಹತ್ತಿರ ಇಲ್ಲ. ಏನು ಮಾಡಲಿ?

ಹಳೇಪಾನಾ, ಹುಬ್ಬಳ್ಳಿ:
ಅಣ್ಣಾ, ಮೊದಲು ಅಡ್ವಾನ್ಸ್ ಜಾಸ್ತಿ ಇತ್ತು, ಅಂದರೆ ಕಿಡಿ ಬೇಗ ಬರುತ್ತಿತ್ತು; ಈಗ ರಿಟಾರ್ಡ್ ಆಗಿದೆ, ಅಂದರೆ ತಡವಾಗಿ ಬರುತ್ತಿದೆ, ಅದಕ್ಕೇ ಕಾಯುವುದು. ಡಿಸ್ಟ್ರಿಬ್ಯೂಟರ್ ಮುಟ್ಟುವ ಮೊದಲು ಪಾಯಿಂಟ್ ಗ್ಯಾಪ್ ನೋಡಿ, ಫೀಲರ್ ಗೇಜ್‌ನಲ್ಲಿ 0.015 ಇಂಚು. ಗ್ಯಾಪ್ ಜಾಸ್ತಿಯಾದರೆ ಪಾಯಿಂಟ್ ಬೇಗ ತೆರೆಯುತ್ತದೆ, ಟೈಮಿಂಗ್ ತಾನೇ ಮುಂದೆ ಹೋಗುತ್ತದೆ. ನಿಮಗೆ ಆಗಿದ್ದು ಇದೇ ಇರಬೇಕು.

ಆಮೇಲೆ ಒಂದನೇ ಪ್ಲಗ್ ಬಿಚ್ಚಿ ತೂತಿಗೆ ಬೆರಳಿಟ್ಟು, ಹ್ಯಾಂಡಲ್ ಹಾಕಿ ಇಂಜಿನ್ ಮೆಲ್ಲಗೆ ತಿರುಗಿಸಿ. ಗಾಳಿ ಬೆರಳನ್ನು ತಳ್ಳಿದರೆ ಅದು ಕಂಪ್ರೆಷನ್. ಪುಲಿಯ ಗುರುತನ್ನು ಮ್ಯಾನುವಲ್‌ನಲ್ಲಿ ಹೇಳಿದ ಡಿಗ್ರಿಗೆ ತಂದು ನಿಲ್ಲಿಸಿ. 12 ವೋಲ್ಟ್ ಬಲ್ಬಿನ ಒಂದು ವೈರ್ ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಬರುವ ಸಣ್ಣ ವೈರ್ ಇರುವ ಕಡೆ, ಇನ್ನೊಂದು ಬಾಡಿಗೆ. ಕೀ ಆನ್ ಮಾಡಿ ಕ್ಲಾಂಪ್ ಸಡಿಲಿಸಿ, ಬಲ್ಬ್ ಆರುವವರೆಗೂ ಡಿಸ್ಟ್ರಿಬ್ಯೂಟರನ್ನು ಅದರೊಳಗಿನ ರೋಟರ್ (ಪ್ಲಗ್‌ಗಳಿಗೆ ಕಿಡಿ ಹಂಚುತ್ತಾ ಸುತ್ತುವ ತುಂಡು) ತಿರುಗುವ ಕಡೆಗೇ ತಿರುಗಿಸಿ, ಆಮೇಲೆ ಎದುರು ದಿಕ್ಕಿಗೆ ಮೆಲ್ಲಗೆ. ಬಲ್ಬ್ ಹೊತ್ತಿದ ಕ್ಷಣಕ್ಕೇ ಬಿಗಿ ಮಾಡಿ. ಕೀ ಜಾಸ್ತಿ ಹೊತ್ತು ಆನ್ ಬಿಡಬೇಡಿ, ಪಾಯಿಂಟ್ ಮುಚ್ಚಿದ್ದರೆ ಕಾಯಿಲ್ ಸುಮ್ನೆ ಕಾಯುತ್ತದೆ.

ಹಾವೇರಿ ಹುಡುಗ:
ಇಷ್ಟೆಲ್ಲಾ ಬೇಕಾ? ನಮ್ಮ ಕಡೆ ಮೇಸ್ತ್ರಿಗಳು ಏರಿನಲ್ಲಿ ಓಡಿಸಿ, ಸದ್ದು ಬಂದರೆ ಒಂದು ಕೂದಲು ಹಿಂದೆ ಸರಿಸುತ್ತಾರೆ, ಮುಗೀತು.

ಹಳೇಪಾನಾ, ಹುಬ್ಬಳ್ಳಿ:
ಅಲ್ರೀ, ಕೊನೆಗೆ ಕೂದಲಷ್ಟು ಸರಿಸುವುದು ಸರಿ, ಆದರೆ ಗ್ಯಾಪ್ ಬಿಟ್ಟು ಅದನ್ನೇ ಮೊದಲು ಮಾಡಿದ್ದಕ್ಕೇ ಈ ಗತಿ ಅಲ್ವಾ?

ಧಾರವಾಡ ಫಿಯೆಟ್:
ಟೈಮಿಂಗ್ ಸರಿಯಿದ್ದೂ ಏರಿನಲ್ಲಿ ಹೊಡೆದರೆ ಡಿಸ್ಟ್ರಿಬ್ಯೂಟರ್ ಒಳಗೆ ವೇಗಕ್ಕೆ ತಕ್ಕಂತೆ ಟೈಮಿಂಗ್ ಮುಂದೆ ತರುವ ತೂಕದ ಸ್ಪ್ರಿಂಗ್ ನೋಡಿ. ಕ್ಯಾಪ್ ತೆಗೆದು ರೋಟರನ್ನು ಅದು ತಿರುಗುವ ಕಡೆಗೆ ಕೈಯಿಂದ ತಿರುಚಿ ಬಿಡಿ, ಟಪ್ಪನೆ ವಾಪಸ್ ಬರಬೇಕು. ಬರದಿದ್ದರೆ ಸ್ಪ್ರಿಂಗ್ ಸಡಿಲ ಅಥವಾ ತೂಕ ಜಿಡ್ಡು ಹಿಡಿದಿದೆ. ಡಿಸ್ಟ್ರಿಬ್ಯೂಟರ್‌ಗೆ ಬರುವ ವ್ಯಾಕ್ಯೂಮ್ ಪೈಪ್ ಹರಿದಿದ್ದರೆ ಮೈಲೇಜ್ ಬೀಳುತ್ತದೆ, ಆದರೆ ಈ ಸದ್ದು ಅದರಿಂದ ಬರಲ್ಲ. ಹೊಸ ಪಾಯಿಂಟ್‌ನ ಹಿಮ್ಮಡಿ, ಅಂದರೆ ಪಾಯಿಂಟ್ ತೆರೆಸುವ ಕ್ಯಾಮ್‌ಗೆ ಉಜ್ಜುವ ತುದಿ, ಮೊದಲು ಬೇಗ ಸವೆಯುತ್ತದೆ, ಗ್ಯಾಪ್ ಕಮ್ಮಿಯಾಗಿ ಟೈಮಿಂಗ್ ಹಿಂದೆ ಬೀಳುತ್ತದೆ. ಕ್ಯಾಮ್‌ಗೆ ಚೂರು ಗ್ರೀಸ್ ಹಚ್ಚಿ, ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಎರಡನ್ನೂ ಮತ್ತೆ ನೋಡಿ.

ಗದಗಿನ ಗಾಡಿ:
ಗ್ಯಾಪ್ ಅಳೆದೆ ಅಣ್ಣಾ, 0.022 ಇದೆ. ಈಗ ಬಲ್ಬ್ ಹುಡುಕುತ್ತಿದ್ದೇನೆ.