ಸಹಾಯ ಬೇಕು: ಸಿಡ್ನಿಯಲ್ಲಿ ಗಡಿಗೆ ಅಂಟಿದ ಗ್ಯಾರೇಜ್ ಗೋಡೆ

ಹಿತ್ತಲಲ್ಲಿ 60 ಚದರ ಮೀಟರಿನ ಗ್ರ್ಯಾನಿ ಫ್ಲಾಟ್ (ಮುಖ್ಯ ಮನೆಯ ಜಾಗದಲ್ಲೇ ಕಟ್ಟುವ ಚಿಕ್ಕ ಎರಡನೇ ಮನೆ). ಅದಕ್ಕೂ ಪಕ್ಕದವರ ಗಡಿಗೂ ನಡುವೆ 6×6 ಮೀಟರ್ ಗ್ಯಾರೇಜ್. ವಾಸದ ಕಟ್ಟಡದ ಗೋಡೆ ಗಡಿಗೆ 900 ಮಿ.ಮೀ.ಗಿಂತ ಹತ್ತಿರವಿದ್ದರೆ 60/60/60 ಬೆಂಕಿ ತಡೆ ಬೇಕು (ಬೆಂಕಿಯಲ್ಲಿ ಗೋಡೆ 60 ನಿಮಿಷ ಭಾರ ಹೊರಬೇಕು, ಜ್ವಾಲೆ ದಾಟಗೊಡಬಾರದು, ಶಾಖವನ್ನೂ ತಡೆಯಬೇಕು). ಗ್ಯಾರೇಜ್ ನಡುವೆ ಬಂದಿರುವುದರಿಂದ ಅದನ್ನು ಗ್ಯಾರೇಜಿನ ಹೊರಗೋಡೆಗೆ ಕೊಡುವುದೋ, ಫ್ಲಾಟಿನ ಗೋಡೆಗೋ? ಫ್ಲಾಟಿನ ಗೋಡೆಯಾದರೆ ಗ್ಯಾರೇಜಿನಿಂದ ಫ್ಲಾಟಿಗೆ ಹೋಗುವ ಒಳಬಾಗಿಲು ತೊಡಕು, ಹಾಗಾಗಿ ನನ್ನ ಒಲವು ಹೊರಗೋಡೆಗೆ.

ಆದರೆ ಕಟ್ಟುವುದು ಹೇಗೆ? ಹೊರಮೈಗೆ ಕೈ ಹೋಗುವುದಿಲ್ಲ. ಬ್ಲಾಕ್ ಗೋಡೆಯಾದರೆ ಸಂದಿಗೆ ಗಾರೆ ತೀಡಲೂ ಪಕ್ಕದವರ ಅಂಗಳಕ್ಕೇ ಇಳಿಯಬೇಕು. ಪಾಯ ಗಡಿ ದಾಟುವಂತಿಲ್ಲ. ಒಂದೇ ಬದಿಗೆ ಚಾಚಿದರೆ ಭಾರ ಅಂಚಿಗೆ ಬಿದ್ದು ಗೋಡೆ ವಾಲುವ ಭಯ, ಸ್ಲ್ಯಾಬಿಗೆ ಕಂಬಿ ಕಟ್ಟಿ ಹಿಡಿಸಬೇಕು. ಗಟಾರವೂ ನಮ್ಮ ಜಾಗದೊಳಗೇ ಇರಬೇಕು.

ಒಳಗಿನಿಂದಲೇ ನಿಲ್ಲಿಸಬಹುದಾದ ಹೆಬೆಲ್ ಪ್ಯಾನೆಲ್ (ಹಗುರವಾದ ಗಾಳಿಗುಳ್ಳೆ ಕಾಂಕ್ರೀಟಿನ ಹಲಗೆ) ಗೋಡೆ ಮಾಡಿಸಿದವರು ಇದ್ದೀರಾ? ಹೊರಗಿನ ಸಂದಿಗಳನ್ನು ಹೇಗೆ ಮುಚ್ಚಿದಿರಿ, ಸರ್ಟಿಫೈಯರ್ (ಕಟ್ಟಡ ನಿಯಮದಂತಿದೆಯೇ ಎಂದು ನೋಡಿ ಒಪ್ಪಿಗೆ ಕೊಡುವವರು) ಯಾವ ಪರೀಕ್ಷಾ ವರದಿ ಕೇಳಿದರು, ದಯವಿಟ್ಟು ತಿಳಿಸಿ.