ಹಳೆ ಲಿವರ್ ಕೋವಿ: ನಿಮ್ಮ ಪ್ರಶ್ನೆಗೆ ಗನ್‌ಸ್ಮಿತ್ ಉತ್ತರ

ಗನ್‌ಸ್ಮಿತ್: ಎಲ್ಲರಿಗೂ ನಮಸ್ಕಾರ. ಹೆನ್ರಿ 1860ರಿಂದ ವಿಂಚೆಸ್ಟರ್ 1894ರವರೆಗಿನ ಲಿವರ್ ಕೋವಿಗಳ, ಅಂದರೆ ಅಡಿಯ ಹಿಡಿಯನ್ನು ತಿರುಗಿಸಿ ತೋಟೆ ಏರಿಸುವ ಕೋವಿಗಳ ಬಗ್ಗೆ ಕೇಳಿ. ಮಾಡೆಲ್, ತೋಟೆಯ ಅಳತೆ, ನಳಿಗೆಯ ಉದ್ದ ಬರೆಯಿರಿ. ಬೆಲೆ ಹೇಳುವುದಿಲ್ಲ.

ಡೆನ್ವರ್: ಸರ್, ನನ್ನ ಹತ್ತಿರ 1894 ಕಾರ್ಬೈನ್ (ಗಿಡ್ಡ ನಳಿಗೆಯ ಕೋವಿ) ಇದೆ, .30-30. ಆಂಟಿಕ್ ಲೆಕ್ಕಕ್ಕೆ ಬರುತ್ತಾ?

ಗನ್‌ಸ್ಮಿತ್: 1894 ಅನ್ನುವುದು ಮಾಡೆಲ್ ಹೆಸರು, ತಯಾರಾದ ವರ್ಷ ಅಲ್ಲ. ಅಮೆರಿಕದ 1968ರ ಫೆಡರಲ್ ಕಾನೂನಿನ ಪ್ರಕಾರ 1898 ಅಥವಾ ಅದಕ್ಕೂ ಮೊದಲು ತಯಾರಾಗಿದ್ದರೆ ಆಂಟಿಕ್. ರಾಜ್ಯದ ಕಾನೂನು ಬೇರೆ ಇರಬಹುದು. ಸೀರಿಯಲ್ ನಂಬರ್ ಫ್ರೇಮ್‌ನ (ಒಳಗಿನ ಭಾಗಗಳು ಕೂರುವ ಲೋಹದ ಚೌಕಟ್ಟು) ತಳದಲ್ಲಿ, ಮುಂದಿನ ಭಾಗದಲ್ಲಿದೆ. ನಂಬರ್ 353,999ರ ಒಳಗಿದ್ದರೆ ವಯೋಮಿಂಗ್‌ನ ಕೋಡಿ ಮ್ಯೂಸಿಯಂನಿಂದ ಕಾರ್ಖಾನೆ ದಾಖಲೆಯ ಪತ್ರ ತರಿಸಬಹುದು.

ಫೀನಿಕ್ಸ್: ಫಾರ್ವರ್ಡ್ ಬಂದದ್ದು: “ಹಳದಿ ಫ್ರೇಮ್‌ನ 1866ಕ್ಕೆ ಹುಣಸೆಹಣ್ಣು, ಉಪ್ಪು ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆದರೆ ಚಿನ್ನದಂತೆ ಹೊಳೆಯುತ್ತದೆ.” ಮಾಡಬಹುದಾ?

ಗನ್‌ಸ್ಮಿತ್: ಬೇಡ. ಅದು ದೇವರ ಮನೆಯ ದೀಪ ಅಲ್ಲ. ಆ ಫ್ರೇಮ್ ಗನ್‌ಮೆಟಲ್, ತಾಮ್ರಕ್ಕೆ ತವರ ಬೆರೆಸಿ ಎರಕ ಹೊಯ್ದದ್ದು. ನೂರೈವತ್ತು ವರ್ಷದಲ್ಲಿ ಅದರ ಮೇಲೆ ಕೂತ ಸಾಸಿವೆ ಬಣ್ಣವೇ ಅದು ಅಸಲಿ ಅನ್ನುವುದಕ್ಕೆ ಸಾಕ್ಷಿ. ಹುಳಿ ಅದನ್ನು ತಿಂದು ಹಾಕುತ್ತದೆ. ಉಪ್ಪುನೀರು ಸ್ಕ್ರೂ ಸಂದಿಗೆ ಇಳಿದು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಮೈಕ್ರೋಕ್ರಿಸ್ಟಲಿನ್ ಮೇಣ ಹಚ್ಚಿ. ಅಷ್ಟೇ.

ಹ್ಯೂಸ್ಟನ್: ಸರ್, ಅರ್ಜೆಂಟ್. 1873 ರೈಫಲ್, .44-40, ನಳಿಗೆ 24 ಇಂಚು. ಲಿವರ್ ಮುಕ್ಕಾಲು ಭಾಗ ತೆರೆದು ಟಕ್ ಅಂತ ನಿಲ್ಲುತ್ತದೆ. ರಬ್ಬರ್ ಸುತ್ತಿಗೆಯಲ್ಲಿ ಎರಡು ಸಲ ತಟ್ಟಿದೆ, ಜಗ್ಗಲಿಲ್ಲ.

ಗನ್‌ಸ್ಮಿತ್: ಸುತ್ತಿಗೆ ಕೆಳಗಿಡಿ. ಮನೆಯವರನ್ನು ಆ ಕೋಣೆಯಿಂದ ಹೊರಗೆ ಕಳಿಸಿ. ಇವತ್ತು ಬಂದ ಪ್ರಶ್ನೆಗಳಲ್ಲಿ ನನ್ನನ್ನು ಹೆದರಿಸಿದ್ದು ಇದೊಂದೇ.

1873ರಲ್ಲಿ ಲಿವರ್ ತಿರುಗುವಾಗ ಮೊದಲು ನಳಿಗೆಯ ಬುಡ ಮುಚ್ಚುವ ಬೋಲ್ಟ್ ಹಿಂದೆ ಸರಿಯುತ್ತದೆ. ತೋಟೆಯನ್ನು ನಳಿಗೆಯ ಮಟ್ಟಕ್ಕೆ ಎತ್ತುವ ಹಿತ್ತಾಳೆಯ ಲಿಫ್ಟರ್ ಮೇಲೇಳುವುದು ಕೊನೆಯ ಹಂತದಲ್ಲಿ. ನಿಮ್ಮದು ಅಲ್ಲೇ ನಿಂತಿದೆ, ಅಂದರೆ ಲಿಫ್ಟರ್ ಸಿಕ್ಕಿಕೊಂಡಿದೆ. ಈ ಕೋವಿಯಲ್ಲಿ ನಳಿಗೆಯ ಅಡಿಯ ಮ್ಯಾಗಜಿನ್ ಕೊಳವೆಯಲ್ಲಿ ಸಾಲಾಗಿರುವ ತೋಟೆಗಳನ್ನು ತಡೆದು ನಿಲ್ಲಿಸುವ ಬೇರೆ ಭಾಗ ಇಲ್ಲ, ತೋಟೆಯ ಉದ್ದವೇ ತಡೆ. .44-40 ತೋಟೆಯ ಪೂರ್ತಿ ಉದ್ದ 1.592 ಇಂಚು. ಲಿಫ್ಟರ್‌ನಲ್ಲಿ ಕೂತ ತೋಟೆ ಅದಕ್ಕಿಂತ ಗಿಡ್ಡವಾಗಿದ್ದರೆ ಕೊಳವೆಯಲ್ಲಿ ಅದರ ನಂತರ ಬರುವ ತೋಟೆಯ ಬುಡ ಲಿಫ್ಟರ್ ಒಳಕ್ಕೆ ತುಸು ನುಗ್ಗಿ ಕೂರುತ್ತದೆ. ಲಿಫ್ಟರ್ ಏಳಲು ಹೋಗಿ ಆ ಬುಡಕ್ಕೇ ಬಡಿಯುತ್ತದೆ. ಹೊಡೆತಕ್ಕೆ ಸಿಡಿದು ಮದ್ದಿಗೆ ಬೆಂಕಿ ಹಚ್ಚುವ ಕೇಪು ಇರುವುದು ಬುಡದಲ್ಲೇ. ನೀವು ಸುತ್ತಿಗೆಯಲ್ಲಿ ತಟ್ಟಿದ್ದು ಎಲ್ಲಿಗೆ ಅಂತ ಯೋಚಿಸಿ.

ಈಗ ಮಾಡಬೇಕಾದದ್ದು: ಲಿವರ್ ಇದ್ದ ಹಾಗೇ ಇರಲಿ. ನಳಿಗೆಯ ಬಾಯಿ ಮರಳಿನ ಚೀಲದ ಕಡೆಗಿರಲಿ, ನೀವು ಪಕ್ಕದಲ್ಲಿ ನಿಲ್ಲಿ. ಮೇಲಿನ ಮುಚ್ಚಳ ಹಿಂದೆ ಸರಿದಿರುತ್ತದೆ, ಟಾರ್ಚ್ ಹಾಕಿ ನಳಿಗೆಯ ಬುಡದಲ್ಲಿ ತೋಟೆ ಇದೆಯೇ ನೋಡಿ. ಇದ್ದರೆ ನಿಲ್ಲಿಸಿ, ನನಗೆ ತಿಳಿಸಿ. ಇಲ್ಲದಿದ್ದರೆ ಮ್ಯಾಗಜಿನ್ ಕೊಳವೆಯ ಮುಂದಿನ ತುದಿಯಲ್ಲಿ, ಅಡಿಯಿಂದ ಹಾಕಿರುವ ಪ್ಲಗ್ ಸ್ಕ್ರೂ ಬಿಚ್ಚಿ. ಹಳೆ ಸ್ಕ್ರೂ ಗೀರು ತೀರಾ ತೆಳು. ಅಂಗಡಿಯ ಸ್ಕ್ರೂಡ್ರೈವರ್ ತುದಿ ಬೆಣೆಯಾಕಾರದ್ದು, ಅಂಚು ಕಿತ್ತು ಹಾಕುತ್ತದೆ. ಹಾಲೋ ಗ್ರೌಂಡ್ (ಎರಡೂ ಬದಿ ಸಮಾನಾಂತರವಾಗಿರುವ) ತುದಿಯನ್ನು ಗೀರಿಗೆ ಸರಿಯಾಗಿ ಕೂರುವಂತೆ ಆರಿಸಿ. ಬಿಗಿಯಾಗಿದ್ದರೆ ತುಕ್ಕು ಬಿಡಿಸುವ ಎಣ್ಣೆ ಒಂದು ತೊಟ್ಟು ಬಿಟ್ಟು ರಾತ್ರಿಯಿಡೀ ಇಡಿ. ಬೆಂಕಿ ತೋರಿಸಲೇಬಾರದು. ಪ್ಲಗ್ ಮೇಲೆ ದಪ್ಪ ಬಟ್ಟೆ ಒತ್ತಿ ಹಿಡಿದು ಬಿಡಿಸಿ, ಸ್ಪ್ರಿಂಗ್ ಚಿಮ್ಮುತ್ತದೆ. ಸ್ಪ್ರಿಂಗ್, ತೋಟೆ ತಳ್ಳುವ ಫಾಲೋಯರ್ ಬಂದಮೇಲೆ ಕೊಳವೆಯ ಬಾಯಿಯನ್ನು ಮಡಿಸಿದ ಕಂಬಳಿಯ ಮೇಲೆ ಬಗ್ಗಿಸಿದರೆ ತೋಟೆಗಳು ಒಂದೊಂದಾಗಿ ಜಾರಿ ಬರುತ್ತವೆ. ಎಣಿಸಿ, ಅಳೆದು ಬರೆಯಿರಿ.

ಸಿಯಾಟಲ್: 1876 ಜೂನ್ 25, ಲಿಟಲ್ ಬಿಗ್‌ಹಾರ್ನ್ ಕದನ. ಲಿವರ್ ಕೋವಿ ಇದ್ದದ್ದು ಅಲ್ಲಿನ ಮೂಲನಿವಾಸಿಗಳಾದ ಲಕೋಟಾ, ಷಯೆನ್ನರ ಕೈಯಲ್ಲಿ. ಅಮೆರಿಕದ ಸೇನೆ ಹಿಡಿದದ್ದು ಒಂದೊಂದೇ ತೋಟೆ ತುಂಬುವ ಸ್ಪ್ರಿಂಗ್‌ಫೀಲ್ಡ್ ಕಾರ್ಬೈನ್. ಹಾಗಿದ್ದೂ 1873ಕ್ಕೆ “ಪಶ್ಚಿಮ ಗೆದ್ದ ಕೋವಿ” ಅಂತ ಹೆಸರು.

ಬಾಯ್ಸಿ: ಪುರಾವೆ ಇಲ್ಲದೆ ಮಾತಾಡಬೇಡಿ ಸ್ವಾಮಿ.

ಸಿಯಾಟಲ್: 1983ರಲ್ಲಿ ಬೆಂಕಿಗೆ ಆ ರಣರಂಗದ ಹುಲ್ಲು ಸುಟ್ಟಿತು, 1984ರಲ್ಲಿ ಉತ್ಖನನ ಮಾಡಿದರು. ಖಾಲಿ ತೋಟೆಗಳ ಮೇಲೆ ಕೋವಿಯ ಪಿನ್ ಹೊಡೆದ ಗುರುತು ಹೋಲಿಸಿ ಕೋವಿಗಳನ್ನು ಬೇರೆ ಬೇರೆಯಾಗಿ ಗುರುತಿಸಿದರು. ಹೆನ್ರಿ, 1866ರ ಪಿನ್ ಅಂಚಿನ ಎರಡು ಕಡೆ ಹೊಡೆಯುತ್ತದೆ, ಗುರುತು ತಪ್ಪುವ ಹಾಗೇ ಇಲ್ಲ. ಓದಿಕೊಂಡು ಬನ್ನಿ.

ಬಾಯ್ಸಿ: ಓದಿದ್ದನ್ನು ಒದರುವವರು ಬಹಳ. ಕೋವಿ ಕೈಯಲ್ಲಿ ಹಿಡಿದಿದ್ದೀರಾ ಒಂದು ಸಲ?

ಗೋಣಿಕೊಪ್ಪ: ಸರ್, ನಾವು ಕೊಡವರು, ನಮಗೆ ಲೈಸೆನ್ಸ್ ವಿನಾಯಿತಿ ಇದೆ. ಅಮೆರಿಕದಿಂದ 1873 ತರಿಸಿದರೆ ಕೈಲ್‌ಪೊಳ್ದ್ ಪೂಜೆಗೆ ಇಡಬಹುದಲ್ಲ?

ಗನ್‌ಸ್ಮಿತ್: ವಿನಾಯಿತಿ ಇಟ್ಟುಕೊಳ್ಳುವುದಕ್ಕೆ. ಆಮದಿಗೆ ಬೇರೆ ಅನುಮತಿ ಬೇಕು. ದುಡ್ಡು ಕೊಡುವ ಮೊದಲು ಡಿ.ಸಿ. ಕಚೇರಿ, ಕಸ್ಟಮ್ಸ್ ಎರಡೂ ಕಡೆ ಕೇಳಿ.

ಸ್ಯಾನ್ ಹೋಸೆ: ಸ್ಪೆನ್ಸರ್ ಕಾರ್ಬೈನ್‌ಗೆ ಬಿಡಿಭಾಗ ಎಲ್ಲಿ ಸಿಗುತ್ತೆ?

ಫೀನಿಕ್ಸ್: ಇನ್ನೊಂದು ಫಾರ್ವರ್ಡ್: “ತುಕ್ಕಿಗೆ ಕೋಲಾ, ಬಣ್ಣ ಹೋದ ಮರಕ್ಕೆ ಸ್ಯಾಂಡ್‌ಪೇಪರ್.”

ಗನ್‌ಸ್ಮಿತ್: ಕೋಲಾ ಕೂಡ ಹುಳಿಯೇ. ಆಗಲೇ ಹೇಳಿದೆ. ಮರಳು ಕಾಗದ ಉಜ್ಜಿದರೆ ಮರ ತಗ್ಗಿ, ಲೋಹದ ಅಂಚು ಮೇಲೆದ್ದು ಕಾಣುತ್ತದೆ. ತಿಳಿದವರು ಬೆರಳಾಡಿಸಿಯೇ ಹಿಡಿಯುತ್ತಾರೆ. 2014ರಲ್ಲಿ ನೆವಾಡಾದ ಗ್ರೇಟ್ ಬೇಸಿನ್‌ನಲ್ಲಿ ಜುನಿಪರ್ ಮರಕ್ಕೆ ಒರಗಿಸಿಟ್ಟ 1873 ಸಿಕ್ಕಿತಲ್ಲ, 1882ರಲ್ಲಿ ತಯಾರಾದದ್ದು. ಬಿಸಿಲಿಗೆ ಬಿಳಿಚಿ ಬಿರುಕುಬಿಟ್ಟ ಅದರ ಮರವನ್ನು ಕೋಡಿಯಲ್ಲಿ ಅಂಟು ಕೊಟ್ಟು ಉದುರದಂತೆ ನಿಲ್ಲಿಸಿದರು, ಹೊಸದು ಮಾಡಲಿಲ್ಲ. ದಯವಿಟ್ಟು ಇನ್ನು ಫಾರ್ವರ್ಡ್ ಹಾಕಬೇಡಿ.

ಡಲ್ಲಾಸ್: ನನ್ನ 1892ಕ್ಕೆ ಎಷ್ಟು ಬರಬಹುದು ಸರ್?

ಗನ್‌ಸ್ಮಿತ್: ಮೊದಲ ಸಾಲು ಓದಿ.

ಬಾಯ್ಸಿ: ಸಿಯಾಟಲ್‌ನವರು ಉತ್ತರ ಕೊಡದೆ ಓಡಿಹೋದರು.

ಗನ್‌ಸ್ಮಿತ್: ನಿಮ್ಮಿಬ್ಬರ ಜಗಳಕ್ಕೆ ಬೇರೆ ಥ್ರೆಡ್ ತೆರೆಯಿರಿ. ಇಲ್ಲೊಬ್ಬರ ಕೈಯಲ್ಲಿ ತುಂಬಿದ ಕೋವಿ ಸಿಕ್ಕಿಕೊಂಡಿದೆ.

ಹ್ಯೂಸ್ಟನ್: ಸರ್, ನಳಿಗೆ ಬುಡ ಖಾಲಿ ಇತ್ತು. ಐದು ತೋಟೆ ಜಾರಿ ಬಂದವು, ಲಿವರ್ ಈಗ ಸರಾಗ. ನಾಲ್ಕು 1.59 ಇಂಚು, ಒಂದು 1.48. ಅದರ ಗುಂಡು ಒಳಕ್ಕೆ ಕುಸಿದಿದೆ.

ಗನ್‌ಸ್ಮಿತ್: ಸದ್ಯ. ಕಾರಣ ಇದು: ಮೂಲ ತೋಟೆಯಲ್ಲಿ 40 ಗ್ರೇನ್ ಕರಿಮದ್ದು ಗುಂಡಿನ ತಳದವರೆಗೆ ತುಂಬಿ ಅದಕ್ಕೆ ಆಸರೆಯಾಗಿರುತ್ತಿತ್ತು. ಈಗಿನ ಸ್ಮೋಕ್‌ಲೆಸ್ (ಹೊಗೆ ಕಡಿಮೆಯ) ಮದ್ದು ಸ್ವಲ್ಪವೇ ಸಾಕು, ಉಳಿದ ಜಾಗ ಖಾಲಿ. ತೋಟೆಯ ಬಾಯಿಯ ಕ್ರಿಂಪ್ (ಗುಂಡನ್ನು ಹಿಡಿಯುವ ಮಡಿಕೆ) ಬಿಗಿಯಿಲ್ಲದಿದ್ದರೆ ಸ್ಪ್ರಿಂಗ್ ಒತ್ತಡಕ್ಕೆ, ಹೊಡೆದಾಗಿನ ಒದೆತಕ್ಕೆ ಗುಂಡು ಒಳಗೆ ಜಾರುತ್ತದೆ. ಹಾಗೆ ಕುಸಿದ ತೋಟೆ ಹಾರಿಸಿದರೆ ಒತ್ತಡ ಏರುತ್ತದೆ, 1873ರಲ್ಲಿ ಬೋಲ್ಟ್ ಅನ್ನು ಮುಚ್ಚಿ ಹಿಡಿಯುವ ಟಾಗಲ್ ಕೊಂಡಿ ಅದನ್ನು ತಡೆಯುವಷ್ಟು ಗಟ್ಟಿ ಅಲ್ಲ. ಐದನ್ನೂ ಹಾರಿಸಬೇಡಿ, ಬಿಚ್ಚಬೇಡಿ, ಕಸಕ್ಕೂ ಹಾಕಬೇಡಿ. ಪೊಲೀಸ್ ಠಾಣೆಗೆ ಮೊದಲು ಫೋನ್ ಮಾಡಿ, ಅವರು ಹೇಳಿದಂತೆ ಒಪ್ಪಿಸಿ. ಲಿಫ್ಟರ್‌ನ ಮುಂದಿನ ಅಂಚು ಸುತ್ತಿಗೆ ಏಟಿಗೆ ಮಡಚಿದೆಯೇ ಅಂತ ಬೆಳಕಿನಲ್ಲಿ ಹತ್ತಿರದಿಂದ ಫೋಟೋ ತೆಗೆದು ಕಳಿಸಿ.