ಮನಸ್ಸು ನಿಲ್ಲಿಸಲು ಎಳೆ ರಂಗೋಲಿ: ಚುಕ್ಕಿ ಲೆಕ್ಕ ಎಷ್ಟರಿಂದ ಶುರು ಮಾಡಬೇಕು?

ಪಡಸಾಲೆ (ಪ್ರಶ್ನೆ):

ಬೆಳಗ್ಗೆ ಇಪ್ಪತ್ತು ನಿಮಿಷ ಫೋನ್ ಮುಟ್ಟದೆ, ಕೈಗೆ ಕೆಲಸ ಕೊಟ್ಟು ಮನಸ್ಸನ್ನು ಒಂದೆಡೆ ನಿಲ್ಲಿಸುವ ಅಭ್ಯಾಸ ಬೇಕಾಗಿದೆ. ಅದಕ್ಕೆ ಚುಕ್ಕಿಗಳನ್ನು ಸುತ್ತಿಕೊಂಡು ಹೋಗುವ ಎಳೆ ರಂಗೋಲಿ ಆರಿಸಿಕೊಂಡಿದ್ದೇನೆ. ಹೂವು, ನವಿಲು, ಬಣ್ಣ ತುಂಬುವ ರಂಗೋಲಿ ಅಲ್ಲ, ಬರೀ ಬಿಳಿ ಎಳೆ. ತೊಡಕು ಮೂರಿವೆ.

ಒಂದು, ಚಿತ್ರ ನೋಡಿ ಬಿಡಿಸಿದರೆ ಕಣ್ಣು ನೆಲಕ್ಕೂ ಚಿತ್ರಕ್ಕೂ ಓಡಾಡುತ್ತಲೇ ಇರುತ್ತದೆ, ಗಮನ ನಿಲ್ಲುವ ಪ್ರಶ್ನೆಯೇ ಇಲ್ಲ. ಎರಡು, ಚಿತ್ರ ಬಿಟ್ಟು ಅಂದಾಜಿನಲ್ಲಿ ಎಳೆದರೆ ನಡುವೆಯೇ ಎಳೆ ಹೊರಟಲ್ಲಿಗೆ ಬಂದು ಮುಚ್ಚಿಕೊಳ್ಳುತ್ತದೆ, ಅರ್ಧ ಚುಕ್ಕಿ ಹಾಗೇ ಉಳಿಯುತ್ತವೆ. ಮೂರು, ಫ್ಲಾಟಿನ ಗ್ರಾನೈಟ್ ನೆಲದ ಮೇಲೆ ಪುಡಿ ನಿಲ್ಲುವುದೇ ಇಲ್ಲ.

ಆಫ್ರಿಕಾದ ಅಂಗೋಲಾದಲ್ಲೂ ಪೆಸಿಫಿಕ್ ಸಾಗರದ ದ್ವೀಪದೇಶ ವನುವಾಟುವಿನಲ್ಲೂ ಮರಳಿನ ಮೇಲೆ ಇಂಥದ್ದೇ ಎಳೆ ಚಿತ್ರ ಬರೆಯುತ್ತಾರಂತೆ. ಅವರ ಪದ್ಧತಿಯಿಂದ ನಮ್ಮ ಅಭ್ಯಾಸಕ್ಕೆ ತೆಗೆದುಕೊಳ್ಳಬಹುದಾದದ್ದು ಏನಾದರೂ ಇದೆಯೇ?

ಚುಕ್ಕಿಲೆಕ್ಕ:

ಮೊದಲೆರಡು ತೊಡಕಿಗೂ ಮದ್ದು ಒಂದೇ: ಚಿತ್ರ ಬಿಡಿ, ನಿಯಮ ಹಿಡಿಯಿರಿ. ನಿಯಮ ಇಷ್ಟೇ. ಎಳೆ ಚುಕ್ಕಿಯ ಮೇಲೆ ಹಾಯುವುದಿಲ್ಲ. ಪಕ್ಕಪಕ್ಕದ ಎರಡು ಚುಕ್ಕಿಗಳ ಸಂದಿನಲ್ಲಿ ಓರೆಯಾಗಿ ತೂರಿ ಹೋಗುತ್ತದೆ. ಅಂಚಿನ ಚುಕ್ಕಿ ಸಿಕ್ಕಾಗ ಅದರ ಹೊರಗಿನಿಂದ ದುಂಡಗೆ ಬಳಸಿ ಒಳಕ್ಕೆ ತಿರುಗುತ್ತದೆ. ಪ್ರತಿ ಸಂದಿನಲ್ಲೂ ಎಳೆ ಎರಡು ಸಲ, ಎರಡು ಓರೆಯಲ್ಲಿ ಹಾಯ್ದು ಒಂದು ಕತ್ತರಿ ಆಗಬೇಕು.

ಅತಿ ಚಿಕ್ಕದು 1-3-1. ನಡುವೆ ಒಂದು ಚುಕ್ಕಿ, ಸುತ್ತ ನಾಲ್ಕು. ನಾಲ್ಕು ಕತ್ತರಿ, ನಾಲ್ಕು ದಳ, ಒಂದೇ ಎಳೆ. ಅದು ಕೈಗೆ ಬಂದ ಮೇಲೆ ಎರಡು ಸಾಲು, ಸಾಲಿಗೆ ಮೂರು ನೇರ ಚುಕ್ಕಿ (ಒಂದರ ಕೆಳಗೆ ಒಂದು ಬರುವಂತೆ) ಇಡಿ. ಮೇಲಿನ ಸಾಲು 1, 2, 3. ಕೆಳಗಿನದು 4, 5, 6 ಎಂದುಕೊಳ್ಳಿ. 1ರ ಎಡಗಡೆಯಿಂದ ಹೊರಡಿ. 1-4ರ ಸಂದು, 4-5ರ ಸಂದು ದಾಟಿ 5ರ ಕೆಳಗಿನಿಂದ ಬಳಸಿ. ಮೇಲಕ್ಕೆ 5-6, 3-6 ದಾಟಿ 3ರ ಬಲದಿಂದ ತಲೆಯ ಮೇಲೆ ಸುತ್ತಿ. ಅಲ್ಲಿಂದ 2-3, 2-5, 4-5 ದಾಟಿ ಕೆಳಗಿಳಿದು 4ನ್ನು ಕೆಳಗಿನಿಂದ ಎಡಕ್ಕೆ ಬಳಸಿ. ಮತ್ತೆ ಮೇಲಕ್ಕೆ 1-4, 1-2 ದಾಟಿ 2ರ ತಲೆಯ ಮೇಲೆ ಹೋಗಿ. ಆಮೇಲೆ 2-3, 3-6 ದಾಟಿ 6ನ್ನು ಬಲದಿಂದ ಕೆಳಕ್ಕೆ ಸುತ್ತಿ. ಕೊನೆಗೆ 5-6, 2-5, 1-2 ದಾಟಿ 1ರ ತಲೆ ಬಳಸಿದರೆ ಹೊರಟ ಜಾಗಕ್ಕೆ ಬರುತ್ತೀರಿ. ಏಳು ಸಂದು, ಏಳು ಕತ್ತರಿ. ಮೊದಲ ದಿನ ಸೀಸದ ಕಡ್ಡಿಯಲ್ಲಿ ಕಾಗದದ ಮೇಲೆ ಮಾಡಿ ನೋಡಿ. ಬಾಯಿಪಾಠ ಬೇಡ. ಎರಡನೇ ಸಲಕ್ಕೆ ಮುಂದಿನ ಸಂದು ತಾನೇ ಕಾಣಿಸುತ್ತದೆ.

ಇನ್ನು ಎಳೆ ನಡುವೆ ಮುಚ್ಚಿಕೊಳ್ಳುವುದು ನಿಮ್ಮ ಕೈಯ ದೋಷವೇ ಆಗಿರಬೇಕೆಂದಿಲ್ಲ, ಚುಕ್ಕಿ ಲೆಕ್ಕದ್ದೂ ಇರಬಹುದು. ನೇರ ಚುಕ್ಕಿಯ ಆಯದಲ್ಲಿ ಅಡ್ಡ ಸಾಲಿನ ಸಂಖ್ಯೆ, ಕಂಬದ (ಉದ್ದ ಸಾಲಿನ) ಸಂಖ್ಯೆ ಎರಡರ ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಎರಡನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ) ಎಷ್ಟೋ ಅಷ್ಟೇ ಎಳೆಗಳು ಬರುತ್ತವೆ. 3×4, 4×5, 5×6ಕ್ಕೆ ಅದು 1, ಆದ್ದರಿಂದ ಒಂದೇ ಎಳೆ. 4×6ಕ್ಕೆ 2. 3×3ಕ್ಕೆ 3. ಚೌಕ ಇಟ್ಟುಕೊಂಡು ಎಲ್ಲ ಸಂದುಗಳಲ್ಲೂ ಕತ್ತರಿ ಹಾಕುತ್ತಾ ಒಂದೇ ಎಳೆಯಲ್ಲಿ ಮುಗಿಸುತ್ತೇನೆಂದು ಎಷ್ಟು ದಿನ ಕೂತರೂ ಆಗದು. ವಜ್ರಾಕಾರದ 1-3-5-3-1ರಲ್ಲೂ ಎಲ್ಲ ಸಂದುಗಳಲ್ಲಿ ಕತ್ತರಿ ಹಾಕಿದರೆ ಒಂದೇ ಎಳೆ ಬರುವುದಿಲ್ಲ.

3×4 ಸರಿಯಾಯಿತೇ ಎಂದು ನೋಡಲು: 17 ಕತ್ತರಿ ಇರಬೇಕು, ಎಳೆ ಹೊರ ಅಂಚನ್ನು 14 ಕಡೆ ಮುಟ್ಟಬೇಕು. ಕಡಿಮೆ ಬಂದರೆ ಎಲ್ಲೋ ದಾಟಬೇಕಾದ ಕಡೆ ಹಿಂದಿರುಗಿದ್ದೀರಿ.

ಹೊಸ್ತಿಲು:

ಲೆಕ್ಕ ಚುಕ್ಕಿಲೆಕ್ಕ ಅವರು ಹೇಳಿದ್ದಾರೆ, ನಾನು ನೆಲ ಮತ್ತು ಕೈಯ ವಿಷಯ ಹೇಳುತ್ತೇನೆ. ಅರ್ಧಕ್ಕರ್ಧ ಜನ ಬಿಟ್ಟುಬಿಡುವುದು ಇಲ್ಲೇ.

ಪಾಲಿಶ್ ಗ್ರಾನೈಟ್ ಮೇಲೆ ಒಣ ಪುಡಿ ನಿಲ್ಲದು. ಒದ್ದೆ ಬಟ್ಟೆ ಹಿಂಡಿ ಒರೆಸಿ, ನೀರಿನ ಹೊಳಪು ಹೋಗಿ ತಣ್ಣನೆ ಪಸೆ ಉಳಿದಾಗ ಎಳೆಯಿರಿ. ನೀರು ನಿಂತಿದ್ದರೆ ಪುಡಿ ಕರಗಿ ಹರಡುತ್ತದೆ, ಪೂರ್ತಿ ಒಣಗಿದರೆ ಗಾಳಿಗೆ ಹಾರುತ್ತದೆ. ಇವೆರಡರ ನಡುವೆ ಸಿಗುವುದು ಕೆಲವೇ ನಿಮಿಷ, ಅದಕ್ಕೇ ಚಿಕ್ಕ ಚುಕ್ಕಿ ಲೆಕ್ಕ ಒಳ್ಳೆಯದು. ಇಲ್ಲವೇ ಎರಡಡಿ ಚೌಕದ ಒರಟು ಕಡಪ ಕಲ್ಲು ತಂದಿಟ್ಟುಕೊಳ್ಳಿ. ಕಪ್ಪು ಕಲ್ಲಿನ ಮೇಲೆ ಬಿಳಿ ಎಳೆ ಎದ್ದು ಕಾಣುತ್ತದೆ, ಜಾರುವುದೂ ಇಲ್ಲ.

ಬರೀ ಅಕ್ಕಿಹಿಟ್ಟು ಬೆರಳಿಗೆ ಅಂಟಿ ಉಂಡೆಗಟ್ಟುತ್ತದೆ, ಎಳೆ ತುಂಡಾಗುವುದು ಅದರಿಂದಲೇ. ಒಂದು ಪಾಲು ಅಕ್ಕಿಹಿಟ್ಟಿಗೆ ಎರಡು ಮೂರು ಪಾಲು ರಂಗೋಲಿ ಪುಡಿ ಬೆರೆಸಿದರೆ ಸರಾಗವಾಗಿ ಇಳಿಯುತ್ತದೆ. ಮಳೆಗಾಲದಲ್ಲಿ ಹಿಟ್ಟನ್ನು ಬಾಣಲೆಯಲ್ಲಿ ಬಣ್ಣ ತಿರುಗದಂತೆ ಬೆಚ್ಚಗೆ ಮಾಡಿ ಆರಿಸಿ. ಇರುವೆಗೆ ಆಹಾರವಾಗಲಿ ಎನ್ನುವವರು ಕಲ್ಲಿನ ಪುಡಿ ಬೆರೆಸಬೇಡಿ, ತರಿತರಿಯಾಗಿ ಬೀಸಿದ ಅಕ್ಕಿಹಿಟ್ಟೊಂದನ್ನೇ ಬಳಸಿ. ಕಲ್ಲಿನ ಪುಡಿ ಜರಡಿ ಹಿಡಿಯುವಾಗ ಮೂಗಿಗೆ ಬಟ್ಟೆ ಕಟ್ಟಿ. ತಪ್ಪಿದ ಎಳೆಯನ್ನು ಬಾಯಿಂದ ಊದುವ ಅಭ್ಯಾಸವೂ ಬೇಡ, ನುಣ್ಣನೆ ಕಲ್ಲಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಪುಡಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ನಡುಬೆರಳು ಆಸರೆಯಾಗಿರಲಿ. ಪುಡಿ ಇಳಿಸುವುದು ಹೆಬ್ಬೆರಳಿನ ಉಜ್ಜು. ಎಳೆ ಒಂದೇ ದಪ್ಪ ಬರಬೇಕಾದರೆ ಉಜ್ಜುವ ವೇಗವೂ ಕೈ ಸಾಗುವ ವೇಗವೂ ಬದಲಾಗಬಾರದು. ತಿರುವಿನಲ್ಲಿ ಕೈ ನಿಧಾನವಾಗಿ ಎಳೆ ಉಬ್ಬುತ್ತದೆ, ನೇರದಲ್ಲಿ ಓಡಿ ಸಣ್ಣಗಾಗುತ್ತದೆ. ಬೆರಳು ನೆಲದಿಂದ ಒಂದೆರಡು ಸೆಂಟಿಮೀಟರ್ ಮೇಲಿರಲಿ. ಹೆಚ್ಚಾದರೆ ಪುಡಿ ಚದುರುತ್ತದೆ. ಚುಕ್ಕಿಯಿಂದ ಚುಕ್ಕಿಗೆ ನಾಲ್ಕು ಬೆರಳಗಲ ಬಿಡಿ. ಅದಕ್ಕಿಂತ ಹತ್ತಿರವಾದರೆ ಹೊಸಬರಿಗೆ ಕತ್ತರಿಗಳೆಲ್ಲ ಕಲಸಿಹೋಗುತ್ತವೆ.

ಪುಡಿ ಮುಗಿದು ಮತ್ತೆ ತೆಗೆದುಕೊಳ್ಳಬೇಕಾದಾಗ ಸಂದಿನಲ್ಲಿ ನಿಲ್ಲಿಸಿ, ತಿರುವಿನಲ್ಲಿ ಬೇಡ. ಸಂದಿನ ಮೇಲೆ ಇನ್ನೊಂದು ಎಳೆ ಹಾಯುವುದರಿಂದ ಬೆಸುಗೆ ಮುಚ್ಚಿಹೋಗುತ್ತದೆ. ತಿರುವಿನಲ್ಲಿ ಮಾಡಿದ ಬೆಸುಗೆ ಮಾರು ದೂರದಿಂದಲೇ ಗೊತ್ತಾಗುತ್ತದೆ.

ಉಸಿರಿನ ಬಗ್ಗೆ ಒಂದೇ ಮಾತು. ತಿರುವು ಬಂದಾಗ ಹೆಚ್ಚಿನವರು ತಮಗರಿವಿಲ್ಲದೆ ಉಸಿರು ಕಟ್ಟುತ್ತಾರೆ, ಭುಜ ಮೇಲೇಳುತ್ತದೆ, ಎಳೆ ನಡುಗುತ್ತದೆ. ತಿರುವಿಗೆ ಮುಂಚೆ ಉಸಿರು ಬಿಡಲು ಶುರು ಮಾಡಿ. ಎಣಿಕೆ, ಮಂತ್ರ, ಹಿನ್ನೆಲೆ ಸಂಗೀತ ಯಾವುದೂ ಬೇಕಿಲ್ಲ.

ಪಡಸಾಲೆ:

ಇಬ್ಬರಿಗೂ ಧನ್ಯವಾದ. 2×3 ಕಾಗದದ ಮೇಲೆ ಬಂತು. 3×3 ಬಿಡಬೇಕಾಗುತ್ತದಲ್ಲ ಎಂದು ಬೇಸರ. ನಮ್ಮ ಹೊಸ್ತಿಲಿನ ಮುಂದಿರುವ ಜಾಗ ಚೌಕವೇ. ಮೊಣಕಾಲು ನೋವಿರುವವರು ಏನು ಮಾಡಬೇಕು ಎಂದೂ ಯಾರಾದರೂ ಹೇಳಿ. ಮನೆಯಲ್ಲಿ ಅಮ್ಮನಿಗೂ ಆಸೆಯಿದೆ, ಕುಕ್ಕರಗಾಲಲ್ಲಿ ಕೂರಲು ಆಗದು.

ಚುಕ್ಕಿಲೆಕ್ಕ:

3×3 ಬಿಡಬೇಡಿ. ಎರಡು ಬೇರೆ ಎಳೆಗಳು ಕತ್ತರಿಯಾಗುವ ಕಡೆ ದಾಟಿಸದೆ ಎರಡನ್ನೂ ಹಿಂದಕ್ಕೆ ತಿರುಗಿಸಿದರೆ ಅವು ಬೆಸೆದು ಒಂದಾಗುತ್ತವೆ. ಮೂರು ಎಳೆ ಒಂದಾಗಲು ಇಂಥ ಎರಡು ಜಾಗ ಸಾಕು. ಮೇಲಿನ ಸಾಲಿನಲ್ಲಿ ಎಡ ಚುಕ್ಕಿ ಮತ್ತು ನಡು ಚುಕ್ಕಿಯ ಸಂದು, ನಡು ಮತ್ತು ಬಲ ಚುಕ್ಕಿಯ ಸಂದು, ಇವೆರಡರಲ್ಲಿ ಮಾತ್ರ ಕತ್ತರಿ ಬೇಡ. ಉಳಿದ ಹತ್ತು ಸಂದುಗಳಲ್ಲಿ ಎಂದಿನಂತೆ ದಾಟಿಸಿ. ಒಂದೇ ಎಳೆ ಬರುತ್ತದೆ. ಎಡಬಲ ಒಂದೇ ಥರ ಇರುತ್ತದೆ, ಮೇಲುಕೆಳಗು ಬೇರೆಯಾಗುತ್ತದೆ. ಎಚ್ಚರ: ಒಂದೇ ಎಳೆ ತನ್ನನ್ನೇ ಕತ್ತರಿಸುವ ಕಡೆ ಹೀಗೆ ಬಿಡಿಸಿದರೆ ಅದು ಎರಡು ತುಂಡಾಗಲೂಬಹುದು. ಆದ್ದರಿಂದ ಮೂರನೆಯ ಕಡೆ ಕೈ ಹಾಕಬೇಡಿ.

ಮರಳುಹಾಸು:

ಅಂಗೋಲಾ ಕೇಳಿದ್ದಿರಿ. ಈಶಾನ್ಯ ಅಂಗೋಲಾದ ಚೋಕ್ವೆ ಜನರ ಮರಳು ಚಿತ್ರಗಳಿಗೆ 'ಸೋನಾ' ಎನ್ನುತ್ತಾರೆ. 2023ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಚುಕ್ಕಿಲೆಕ್ಕ ಅವರು ಹೇಳಿದ ಮ.ಸಾ.ಅ. ನಿಯಮ ಅಲ್ಲಿನ ಚಾಪೆ ಹೆಣಿಗೆಯಂಥ ಚಿತ್ರಗಳಿಗೂ ಹಾಗೇ ಹೊಂದುತ್ತದೆ. ಮೊಜಾಂಬಿಕ್‌ನಲ್ಲಿ ಕೆಲಸ ಮಾಡಿದ ಗಣಿತಜ್ಞ ಪೌಲುಸ್ ಗೆರ್ಡೆಸ್ ಇದನ್ನು ವಿಸ್ತಾರವಾಗಿ ಬರೆದಿದ್ದಾರೆ. ನಮ್ಮಲ್ಲಿ ಹೆಂಗಸರ ಕೈಯಲ್ಲಿರುವುದು ಅಲ್ಲಿ ಗಂಡಸರದು. ಹುಡುಗರು ದೊಡ್ಡವರ ಸಾಲಿಗೆ ಸೇರುವ ದೀಕ್ಷೆಯ ಕಾಲದಲ್ಲಿ ಕಲಿಯುತ್ತಿದ್ದರು.

ತೆಗೆದುಕೊಳ್ಳಬೇಕಾದ್ದು ಅವರು ಚುಕ್ಕಿ ಇಡುವ ಕ್ರಮವನ್ನು. ಮರಳು ನಯ ಮಾಡಿ ತೋರುಬೆರಳು, ಉಂಗುರಬೆರಳು ಎರಡನ್ನೂ ಒಟ್ಟಿಗೆ ಒತ್ತುತ್ತಾರೆ. ಈಗಾಗಲೇ ಮೂಡಿದ ಗುರುತಿನಲ್ಲಿ ಒಂದು ಬೆರಳಿಟ್ಟು ಇನ್ನೊಂದರಿಂದ ಮುಂದಿನ ಚುಕ್ಕಿ ಒತ್ತಿದರೆ ಅಳತೆ ಕಡ್ಡಿಯಿಲ್ಲದೆ ಎಲ್ಲ ಅಂತರವೂ ಸಮ. ಎಳೆಯನ್ನು ತಡೆಯಿಲ್ಲದೆ ಎಳೆಯಬೇಕು. ನಡುವೆ ತಡವರಿಸಿದರೆ ಸುತ್ತ ಕೂತವರು ಇವನಿಗೆ ಬರುವುದಿಲ್ಲ ಎಂದು ಮುಸಿಮುಸಿ ನಗುತ್ತಿದ್ದರಂತೆ. ಅಂದರೆ ಧ್ಯಾನಕ್ಕೆಂದು ಹುಟ್ಟಿದ್ದಲ್ಲ. ಬರೆಯುತ್ತಾ ಕಥೆ, ಗಾದೆ, ಒಗಟು ಹೇಳುವ ವಿದ್ಯೆ ಅದು. 'ಜಗತ್ತಿನ ಧ್ಯಾನ ಕಲೆಗಳು' ಎಂದು ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುವವರ ಮಾತು ನಂಬಬೇಡಿ.

ವನುವಾಟುವಿನಲ್ಲಿ ಚುಕ್ಕಿಗಿಂತ ಗೆರೆಗಳ ಚೌಕಳಿ ಮುಖ್ಯ. ಮೊದಲು ಅದನ್ನು ಎಳೆದು, ಆಮೇಲೆ ಒಂದೇ ಬೆರಳನ್ನು ಎತ್ತದೆ ಅದರ ಸುತ್ತ ಸಾಗಿಸುತ್ತಾರೆ. ಮರಳು, ಜ್ವಾಲಾಮುಖಿ ಬೂದಿ ಎರಡರ ಮೇಲೂ ಬರೆಯುತ್ತಾರೆ. 2003ರಲ್ಲಿ ಯುನೆಸ್ಕೋ ಗುರುತಿಸಿ, 2008ರಲ್ಲಿ ಪಟ್ಟಿಗೆ ಸೇರಿಸಿತು. ಮಾಲೆಕುಲಾ ದ್ವೀಪದ ಒಂದು ನಂಬಿಕೆಯಲ್ಲಿ ಸತ್ತವರ ದಾರಿಗೆ ಅಡ್ಡ ಕೂತ ಭೂತವೊಂದು ಅರ್ಧ ಚಿತ್ರ ಅಳಿಸಿಬಿಡುತ್ತದೆ. ಪೂರ್ತಿ ಮಾಡಲು ಬಾರದವನನ್ನು ನುಂಗುತ್ತದೆ. ಇಪ್ಪತ್ತು ನಿಮಿಷದ ಅಭ್ಯಾಸಕ್ಕೆ ಅಷ್ಟು ಬಿಗಿ ಬೇಡ ಬಿಡಿ.

ಮೊಣಕಾಲು ನೋವಿಗೆ ಮರಳಿನ ತಟ್ಟೆಯೇ ಪರಿಹಾರ. ಒಂದೂವರೆ ಅಡಿಗೆ ಎರಡಡಿ ಅಂಚುಳ್ಳ ಮರದ ತಟ್ಟೆ, ತೊಳೆದು ಜರಡಿ ಹಿಡಿದ ಸಣ್ಣ ಮರಳು ಒಂದು ಸೆಂಟಿಮೀಟರ್ ದಪ್ಪ. ಮೇಜಿನ ಮೇಲಿಟ್ಟು ಅಮ್ಮ ಕುರ್ಚಿಯಲ್ಲಿ ಕೂರಲಿ. ಪೂರ್ತಿ ಒಣಗಿದ ಮರಳಿನಲ್ಲಿ ಗೆರೆಯ ದಂಡೆ ಕುಸಿಯುತ್ತದೆ. ನೀರು ಚಿಮುಕಿಸಿ ಕಲಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಂತು, ಮುಟ್ಟಿದರೆ ಒಡೆಯುವಷ್ಟು ಪಸೆ ಇರಲಿ. ಅಳಿಸಲು ಸ್ಕೇಲಿನ ಅಂಚು ಸಾಕು.

ಕೊನೆಯಸಾಲು:

ಒಂದು ಭಿನ್ನಾಭಿಪ್ರಾಯ. ಒಂದೇ ಎಳೆ ಬರಲೇಬೇಕು ಎಂಬ ಹಟ ಗಮನಕ್ಕೆ ಸಹಾಯವೋ ತೊಂದರೆಯೋ? ನನ್ನ ಪ್ರಕಾರ ಹಲವರಿಗೆ ತೊಂದರೆಯೇ. ಅದು ಒಗಟು ಬಿಡಿಸುವ ಆಟವಾಗಿ, ಮನಸ್ಸು ಮುಂದಿನ ತಿರುವಿಗೆ ಓಡುತ್ತದೆ. 4×4 ಇಟ್ಟು ನಾಲ್ಕು ಎಳೆಗಳನ್ನು ಒಂದೊಂದಾಗಿ ಮುಗಿಸಿ, ಪ್ರತಿ ಎಳೆಯ ಕೊನೆಗೆ ಕೈ ಎತ್ತಿ ಒಂದು ಉಸಿರು ಕೂರುವುದು ಹೊಸಬರಿಗೆ ಸುಲಭ.

ಇನ್ನೊಂದು: ಹುಣಸೂರು ಬಳಿಯ ಗ್ಯುಡ್‌ಮೆಡ್ ತಾಂತ್ರಿಕ ಮಠದಂಥ ಟಿಬೆಟನ್ ಮಠಗಳ ಮರಳು ಮಂಡಲ ನೋಡಿ ಅದೇ ಲೋಹದ ಕೊಳವೆ ಬೇಕು ಎನ್ನುವವರಿದ್ದಾರೆ. ಚಕ್‌ಪುರ್ ಎಂಬ ಆ ಕೊಳವೆಯ ಮೈಮೇಲಿನ ಗೀರುಗಳನ್ನು ಇನ್ನೊಂದು ಕಡ್ಡಿಯಿಂದ ಉಜ್ಜಿದಾಗ ಏಳುವ ಕಂಪನಕ್ಕೆ ಮರಳು ಹರಿಯುತ್ತದೆ. ಕಲ್ಲನ್ನು ಕುಟ್ಟಿ ಮಾಡಿದ, ಕಾಳು ಬಿಡಿಬಿಡಿಯಾಗಿರುವ ಮರಳು ಅದಕ್ಕೆ ಬೇಕು. ಅಕ್ಕಿಹಿಟ್ಟು ಹಾಕಿದರೆ ಬಾಯಿ ಕಟ್ಟಿಕೊಳ್ಳುತ್ತದೆ. ಅಲ್ಲದೆ ಮಂಡಲ ಪೂಜಾವಿಧಿಯ ಭಾಗ. ಅಳತೆ ಗೆರೆ ಹಾಕಿಕೊಂಡು ನಡುವಿನಿಂದ ಹೊರಕ್ಕೆ ಹಲವು ಮಂದಿ ದಿನಗಟ್ಟಲೆ ತುಂಬುತ್ತಾರೆ, ಮುಗಿದ ಮೇಲೆ ಗುಡಿಸಿ ಹರಿಯುವ ನೀರಿಗೆ ಬಿಡುತ್ತಾರೆ. ಒಬ್ಬರ ಬೆಳಗಿನ ಅಭ್ಯಾಸಕ್ಕೆ ಬೆರಳೇ ಸಾಕು.

ಚುಕ್ಕಿಲೆಕ್ಕ:

4×4ರ ಮಾತು ಒಪ್ಪುತ್ತೇನೆ, ಶುರುವಿನ ವಾರಗಳಿಗೆ ಅದು ಸರಿ. ಆದರೆ ನಿಯಮ ಕೈಗೆ ಹತ್ತಿದ ಮೇಲೆ ಒಗಟು ಉಳಿಯುವುದಿಲ್ಲ, ಕೈ ತಾನೇ ಹೋಗುತ್ತದೆ. ಆಗ ಗಮನ ತಪ್ಪಿದರೆ ತಕ್ಷಣ ತಿಳಿಯುವುದು ಒಂದೇ ಎಳೆಯಲ್ಲಿ. ಒಂದು ಸಂದು ಬಿಟ್ಟಿರೋ, ಕೊನೆಗೆ ಎಳೆ ಮನೆ ಸೇರುವುದಿಲ್ಲ.

ಪಡಸಾಲೆ ಅವರೇ, ನಾಲ್ಕು ವಾರಕ್ಕೆ ಕ್ರಮ ಹೀಗಿರಲಿ: 1-3-1, 2×3, 3×4, 4×5. ವಾರಪೂರ್ತಿ ಒಂದೇ ಲೆಕ್ಕ, ದಿನಕ್ಕೊಂದು ಬದಲಿಸಬೇಡಿ. ದಿನಾ ಹೊರಡುವ ಚುಕ್ಕಿ ಮಾತ್ರ ಬೇರೆ ಮಾಡಿ, ಇಲ್ಲವಾದರೆ ಕೈ ಬಾಯಿಪಾಠ ಒಪ್ಪಿಸತೊಡಗುತ್ತದೆ. ಇಂದು ಎಡ ಮೂಲೆ, ನಾಳೆ ಬಲ ಮೂಲೆ, ನಾಡಿದ್ದು ಅಂಚಿನ ನಡುವೆ. ಧನುರ್ಮಾಸದ ಹೊತ್ತಿಗೆ 5×6 ಹಿಡಿಯಬಹುದು. ಅದರಲ್ಲಿ 49 ಕತ್ತರಿ ಬರುತ್ತವೆ, ನಾಲ್ಕು ಬೆರಳಗಲದ ಅಂತರದಲ್ಲಿ ಎರಡಡಿ ಕಲ್ಲಿನೊಳಗೇ ಹಿಡಿಯುತ್ತದೆ.